ಕಚ್ಚಾ ಹೊಲಿಗೆಯ ಕೋಟು

ರಾತ್ರಿ ಒಂಬತ್ತಕ್ಕೆ ಅಂಗಡಿ ಬಾಗಿಲು ಎಳೆಯುವ ಮುಂಚೆ ಟೈಲರಮ್ಮ ಹ್ಯಾಂಗರಿನ ಕಡೆ ನೋಡಿದಳು. ಗಾಯಕನ ನೀಲಿ ಕೋಟು ಅಲ್ಲಿರಲಿಲ್ಲ.

“ಸಂಜೆನೇ ಬಂದು ಇಸ್ಕೊಂಡು ಹೋದ್ನಲ್ಲ,” ಎಂದಳು ನಾದಿನಿ, ಏನೋ ಘನಕಾರ್ಯ ಮಾಡಿದವಳಂತೆ. “ಎಷ್ಟು ಚೆನ್ನಾಗಿ ಒಪ್ತಿತ್ತು ಗೊತ್ತಾ ಅತ್ತಿಗೆ!”

“ಎಡತೋಳು ಇನ್ನೂ ಕಚ್ಚಾ ಹೊಲಿಗೇಲಿದೆ ಕಣೇ! ಸುಮ್ನೆ ದಾರ ಓಡಿಸಿಟ್ಟಿದ್ದೆ. ಅವನು ಕೈ ಎತ್ತಿದ್ರೆ ಮುಗೀತು, ತೋಳು ಕಿತ್ತು ಬರುತ್ತೆ!”

ಇಪ್ಪತ್ತು ವರ್ಷ ಫ್ರಾಕು, ಯೂನಿಫಾರ್ಮು, ದಿಂಬಿನ ಕವರು ಹೊಲಿದವಳಿಗೆ ಗಂಡಸರ ಕೋಟು ಇದೇ ಮೊದಲು. ಕೋಟು ಹೆಂಗಸರ ಕೈಗೆ ಬಗ್ಗುವ ಕೆಲಸವಲ್ಲ ಎಂದು ಎದುರಂಗಡಿ ಮಾಸ್ಟರು ಬೀದಿಗೆಲ್ಲ ಸಾರಿದ್ದ. ಹಾಳಾದವನ ಬಾಯಿಗೆ ನಾಳೆ ಹಬ್ಬವೇ ಹಬ್ಬ. ಟೈಲರಮ್ಮ ಸೂಜಿ ದಾರ ಚೀಲಕ್ಕೆ ತುರುಕಿಕೊಂಡು ನಾದಿನಿಯನ್ನು ಎಳೆದುಕೊಂಡು ಓಡಿದಳು.

ಗಾಯಕ ಒಂದೇ ರಾತ್ರಿ ಎರಡು ಕಡೆ ಹಾಡುವವನು. ಮೊದಲನೆಯದು ನೆಲಮಾಳಿಗೆಯ ಕ್ಲಬ್ಬು. ಇವರು ಮೆಟ್ಟಿಲಿಳಿಯುವ ಹೊತ್ತಿಗೆ ಅವನು ಹೊರಟಾಗಿತ್ತು. ಹೊಸ ಕೋಟನ್ನು ಎರಡನೆಯ ಕಡೆಗೆಂದು ತೊಡದೇ ಇಟ್ಟುಕೊಂಡಿದ್ದನಂತೆ. ಸ್ಟೇಜಿನ ಮೇಲೆ ದಪ್ಪನೆಯ ಹುಡುಗಿಯೊಬ್ಬಳು ಡ್ರಮ್ಮಿನ ಮೇಲೆ ಹಳೇ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಿದ್ದಳು.

“ಒಂದೇ ನಿಮಿಷ ಕೇಳಿ ಹೋಗೋಣ,” ಎಂದಳು ನಾದಿನಿ. ಆ ಒಂದು ನಿಮಿಷ ಮುಕ್ಕಾಲು ಗಂಟೆಯಾಯಿತು. ಮೆಷಿನ್ ತುಳಿದೂ ತುಳಿದೂ ಪಳಗಿದ ಟೈಲರಮ್ಮನ ಕಾಲು ಯಜಮಾನಿಯನ್ನು ಕೇಳದೆ ತಾಳ ಹಾಕತೊಡಗಿತು. ಕಾಲಿನ ಹಿಂದೆ ಸೊಂಟವೂ ಹೋಯಿತು.

“ಅತ್ತಿಗೆ, ನೀವು ಕುಣಿದ್ರಿ!” ಬೀದಿಗೆ ಬಂದ ಮೇಲೆ ನಾದಿನಿ ಕಿರುಚಿದಳು.

“ನಾನೆಲ್ಲಿ ಕುಣಿದೆ? ಕಾಲು ಜೋಮು ಹಿಡಿದಿತ್ತು, ಕೊಡವಿದೆ.”

ಇಬ್ಬರೂ ಲೈಟುಕಂಬ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆಮೇಲೆ ತೋಳಿನ ನೆನಪಾಗಿ ಮತ್ತೆ ಓಡಿದರು.

ಎರಡನೆಯದು ಹಳೇ ಗೋದಾಮು. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಗಾಯಕ ಆಗಷ್ಟೇ ಹಾಡು ಶುರು ಮಾಡಿದ್ದ, ಬೆಳಕಿನಲ್ಲಿ ಕೋಟು ಹೊಳೆಯುತ್ತಿತ್ತು. ಭುಜ ಎಷ್ಟು ಸರಿಯಾಗಿ ಕೂತಿದೆ ಎಂದು ಟೈಲರಮ್ಮ ಬೀಗುವಷ್ಟರಲ್ಲಿ ಅವನ ಎಡಗೈ ಎದೆಯವರೆಗೆ ಎದ್ದು ಇಳಿಯಿತು. ಅವಳು ಅಳತೆ ಚೀಟಿಯ ಹಿಂದೆ ಗೀಚಿದಳು: ‘ಎಡಗೈ ಎತ್ತಬೇಡಿ. ತೋಳು ನಿಲ್ಲೋದಿಲ್ಲ. ಇಂತಿ ಟೈಲರ್.’ ಚೀಟಿ ಕೈಯಿಂದ ಕೈಗೆ ದಾಟಿ ಸ್ಟೇಜು ಸೇರಿತು. ಗಾಯಕ ಓದಿಕೊಂಡ. ಕೈ ಪಕ್ಕೆಗೆ ಅಂಟಿತು.

ಅಲ್ಲಿಂದ ಹಾಡು ಕೆಟ್ಟಿತು. ಕೈ ಏರಿದರೇ ಅವನ ದನಿಯೂ ಏರುವುದು ಎಂದು ಕಾಣುತ್ತದೆ. ಕೈ ಕಟ್ಟಿಹಾಕಿದ ಮೇಲೆ ದನಿ ಅರ್ಧಕ್ಕೇ ಹೋಗಿ ಜಾರಿ ಬೀಳುತ್ತಿತ್ತು. ಒಂದು ಹಾಡಾಯಿತು, ಎರಡಾಯಿತು. ಜನ ಬೆನ್ನು ತಿರುಗಿಸಿ ಮಾತಿಗಿಳಿದರು. ಹಿಂದೆ ಯಾರೋ ಆಕಳಿಸಿದರು.

“ಏನಾಯ್ತು ಇವನಿಗೆ, ಬೊಂಬೆ ಥರ ನಿಂತಿದ್ದಾನೆ?” ಎಂದಳು ನಾದಿನಿ.

ಏನಾಯಿತೆಂದು ಟೈಲರಮ್ಮನಿಗೆ ಗೊತ್ತಿತ್ತು. ತೋಳು ಉಳಿದಿತ್ತು, ಮಾನವೂ ಉಳಿದಿತ್ತು. ಸಮಾಧಾನವಾಗಬೇಕಿತ್ತು, ಸಂಕಟವಾಯಿತು. ಆಗ ಕ್ಲಬ್ಬಿನಲ್ಲಿ ತನ್ನ ಮೈಗೆ ಹತ್ತಿದ ಆ ಹುಚ್ಚನ್ನು ಇಷ್ಟು ಜನರಿಂದ ತಾನೇ ಕಿತ್ತುಕೊಂಡೆನಲ್ಲ ಎನ್ನಿಸಿ ಅವಳಿಗೆ ನಾಚಿಕೆಯಾಯಿತು. ಹತ್ತಿರದ ಕುರ್ಚಿ ಹತ್ತಿದಳು.

“ಕೈ ಎತ್ತಪ್ಪಾ!” ಎಂದು ಕೂಗಿದಳು. “ಹರಿದ್ರೆ ಹರೀಲಿ, ಎತ್ತು!”

ಗಾಯಕ ಅವಳನ್ನೇ ನೋಡಿದ. ನಕ್ಕ. ಎತ್ತಿದ. ಪರ್ರೆಂದು ತೋಳು ಬಿಚ್ಚಿಕೊಂಡು ಮುಂಗೈವರೆಗೂ ಜಾರಿತು. ದನಿ ಮಾತ್ರ ನಿಲ್ಲಲಿಲ್ಲ. ಏರಿತು, ಇನ್ನೂ ಏರಿತು, ಗೋದಾಮಿನ ತಗಡು ನಡುಗಿತು. ಬೆನ್ನು ತಿರುಗಿಸಿದ್ದವರೆಲ್ಲ ತಿರುಗಿ ನಿಂತು ಕೇಕೆ ಹಾಕಿದರು.

“ಯಾರ್ರೀ ಈ ಕೋಟು ಹೊಲಿದಿದ್ದು?” ಮುಂದಿನ ಸಾಲಿನಿಂದ ಒಬ್ಬ ನಗುತ್ತಾ ಅರಚಿದ.

ನಾದಿನಿ ಸೆರಗೆಳೆದಳು. ಟೈಲರಮ್ಮ ಕುರ್ಚಿಯ ಮೇಲೆ ನಿಂತೇ ಎರಡೂ ಕೈ ಮೇಲೆತ್ತಿದಳು.

“ನಾನು!” ಎಂದಳು. “ನಾನೇ ಹೊಲಿದಿದ್ದು!”