ಶಾಲೆಯ ಮಾಳಿಗೆಗೆ ಹಾಕಿದ ಮಣ್ಣು

“ಆ ಕೊಡಾ ಮುಟ್ಟಬ್ಯಾಡಬೇ. ಬಾಯಾರಿಕಿ ಆಗಿದ್ರ ಬೊಗಸಿ ಒಡ್ಡು, ಯಾರರ ಬಂದು ಹಾಕ್ತಾರ.”

ಶಾಲೆಯ ಬೇವಿನ ಗಿಡದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದ ಉಳವಪ್ಪ ಸಾವಕಾರ ಕೂತಲ್ಲಿಂದಲೇ ಅಂದ. ಅವನು ಶಾಲಾ ಸಮಿತಿಯ ಅಧ್ಯಕ್ಷ. ಕೊಡದ ಕಡೆ ಚಾಚಿದ್ದ ಕೈಯನ್ನು ಕಳಕವ್ವ ಹಿಂದಕ್ಕೆ ಎಳೆದುಕೊಂಡಳು. ನೀರು ಹಾಕುವವರು ಯಾರೂ ಹತ್ತಿರ ಇರಲಿಲ್ಲ. ಮಣ್ಣಿನ ಬುಟ್ಟಿಯನ್ನು ತಲೆಗೇರಿಸಿ ಮತ್ತೆ ಏಣಿ ಹತ್ತಿದಳು.

ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿ ಮೋಸ ಮಾಡಿ ಹೋಗಿತ್ತು. ಮಿರ್ಗ, ಅಂದರೆ ಮೃಗಶಿರಾ ಮಳೆ, ಕೂಡುವುದರೊಳಗೆ ಮಣ್ಣಿನ ಮಾಳಿಗೆಯವರೆಲ್ಲ ಹಳ್ಳದ ದಂಡೆಯ ಕರ್ಲು ಮಣ್ಣು ತಂದು ಮೇಲೆ ಹಾಸಿ, ನೀರು ಚಿಮುಕಿಸಿ, ಬಡಿದು ಕೂರಿಸುವ ದಿನಗಳವು. ಬೂದಿ ಬಣ್ಣದ ಆ ಮಣ್ಣು ಮೇಲಿದ್ದರೆ ಎಂಥ ಮಳೆಯೂ ಜಾರಿ ಹೋಗುತ್ತದೆ. ಇಲ್ಲದಿದ್ದರೆ ಮೊದಲ ಮಳೆಗೇ ಮನೆತುಂಬ ಪಾತ್ರೆ ಹರಡಬೇಕು.

ಶಿರಹಟ್ಟಿ ಬಸ್ಸು ಹಾಯ್ದು ಹೋಗುವ ಆ ಊರಿನ ಶಾಲೆಯಲ್ಲಿ ಗಟ್ಟಿಯಾಗಿ ಉಳಿದದ್ದು ಅಜ್ಜಂದಿರ ಕಾಲದ ಈ ಮಣ್ಣಿನ ಮಾಳಿಗೆಯ ಖೋಲಿಯೊಂದೇ. ಮೊಳ ದಪ್ಪದ ಗೋಡೆ, ಬೇಸಿಗೆಯಲ್ಲೂ ಒಳಗೆ ತಂಪು. ಈಚೆಗೆ ಕಟ್ಟಿದ ಸಿಮೆಂಟಿನ ಖೋಲಿಯ ಸೂರಿನಿಂದ ಚಕ್ಕೆ ಉದುರಿ ಕಬ್ಬಿಣದ ಸಳಿಗಳು ಪಕ್ಕೆಲುಬಿನಂತೆ ಕಾಣುತ್ತಿದ್ದವು. ಅಲ್ಲಿ ಮಕ್ಕಳನ್ನು ಕೂರಿಸಬಾರದೆಂದು ಇಂಜಿನಿಯರು ಹೇಳಿ ಹೋಗಿ ವರ್ಷ ಕಳೆದಿತ್ತು.

ಬೇಸಿಗೆಯಲ್ಲಿ ಹೆಡ್‌ಮಾಸ್ತರ ಹೇಮಪ್ಪ ಕೆಳಗಿನ ಓಣಿಗೆ ಬಂದಿದ್ದ. ಕಳಕವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಅವಳು ಕೊಟ್ಟ ಚಹಾ ಕುಡಿದ. ಹಿಂದೆ ಯಾವ ಮಾಸ್ತರನೂ ಅದನ್ನು ಮಾಡಿರಲಿಲ್ಲ. ಮೇಲಿನ ಓಣಿಯ ಹುಡುಗರೆಲ್ಲ ವ್ಯಾನು ಹತ್ತಿ ಶಿರಹಟ್ಟಿಯ ಖಾಸಗಿ ಶಾಲೆಗೆ ಹೋಗುತ್ತಾರೆ, ನಿಮ್ಮ ಮಕ್ಕಳೂ ಗೋವಾಕ್ಕೆ ದುಡಿಯಲು ಹೋದವರ ಬೆನ್ನು ಹತ್ತಿದರೆ ಈ ಶಾಲೆಗೆ ಕೀಲಿ ಬೀಳುತ್ತದೆ, ಉಳಿಸಿಕೊಂಡರೆ ಈ ವರ್ಷವೇ ಇಂಗ್ಲಿಷ್ ಒಂದನೇ ತರಗತಿ ಮಂಜೂರಾಗುತ್ತದೆ ಎಂದು ಹೇಳಿದ. ತಾನೂ ಕೂಲಿಯವರ ಹೊಟ್ಟೆಯಲ್ಲಿ ಹುಟ್ಟಿದವನೇ ಅಂದ.

“ಯಾರು ಶಾಲಿಗೆ ದುಡೀತಾರ, ಅವರ ಮಕ್ಕಳಿಗೆ ಮೊದಲ ಜಾಗಾ. ನಿನ್ನ ಮಂಜುಳಾ ಇಂಗ್ಲಿಷ್ ಒಂದನೇತ್ತಿನ್ಯಾಗ ಕುಂತಳಂತನ ತಿಳಕೊ.”

ಕಳಕವ್ವ ತಿಳಿದುಕೊಂಡಳು. ಗಂಡ ಸಕ್ರಪ್ಪನನ್ನು ಒಬ್ಬನೇ ಗೋವಾಕ್ಕೆ ಕಳಿಸಿ ತಾನು ಮಗಳೊಂದಿಗೆ ಊರಲ್ಲಿ ಉಳಿದಳು. ಮನೆಮನೆಗೆ ಹೋಗಿ ಓಣಿಯ ಮಕ್ಕಳನ್ನು ಶಾಲೆಗೆ ಸೇರಿಸಿದಳು. ಸಮಿತಿಗೆ ಒಬ್ಬ ಹೆಣ್ಣುಮಗಳು ಬೇಕೆಂದಾಗ ಅವಳೇ ಮೆಂಬರಾದಳು.

ಮಾಳಿಗೆಗೆ ಒಂದು ಟ್ರ್ಯಾಕ್ಟರ್ ಮಣ್ಣು ಕಳಿಸುತ್ತೇನೆಂದಿದ್ದ ಸಾವಕಾರ ಕಳಿಸಲಿಲ್ಲ. ಆ ದಿನ ಬೆಳಿಗ್ಗೆ ದುಡಿಯಲು ಬಂದ ಹೆಂಗಸರು ಖಾಲಿ ಬುಟ್ಟಿ ಹಿಡಿದು ನಿಂತಾಗ ಹೇಮಪ್ಪ ಕಳಕವ್ವನ ಮುಖ ನೋಡಿದ. ತನ್ನ ಮನೆಯ ಮಾಳಿಗೆಗೆಂದು ಅವಳು ಹಳ್ಳದಿಂದ ಹೊತ್ತು ತಂದ ಮಣ್ಣು ಹಿತ್ತಲಲ್ಲಿ ಗುಂಪಿಯಾಗಿ ಬಿದ್ದಿರುವುದನ್ನು ಚಹಾ ಕುಡಿಯುವಾಗಲೇ ಅವನು ಕಂಡಿದ್ದ.

“ಈಗ ಅದನ್ನ ಹಾಕೂಣು. ಮಿರ್ಗದೊಳಗ ನಿನ್ನ ಮಣ್ಣು ನಿನ್ನ ಹಿತ್ತಲಕ್ಕ ಬರ್ತೈತಿ. ನನ್ನ ಜವಾಬ್ದಾರಿ.”

ನೆರೆಮನೆಯ ಗುಲಾಬಬಿ ಬೇಡವೆಂದಳು. ಮಿರ್ಗದ ಮುಂದೆ ಮನೆಯ ಮಣ್ಣು ಯಾರಾದರೂ ಕೊಡುತ್ತಾರೇನು ಎಂದು ಬೈದಳು. ಕಳಕವ್ವ ಕೊಟ್ಟಳು. ಬೈದವಳೂ ಬುಟ್ಟಿಗೆ ಕೈ ಹಚ್ಚಿದಳು, ಅವಳ ಮಗಳು ತಬಸ್ಸುಮಳೂ ಅದೇ ತರಗತಿಗೆ ಸೇರುವವಳು.

ಹೊತ್ತು ಇಳಿಯುವಾಗ ಹೇಮಪ್ಪ ಮೊಬೈಲು ತೆಗೆದ. ಉಳವಪ್ಪ ಎದ್ದು ಬಂದು ಕಳಕವ್ವನ ತಲೆಯ ಮೇಲಿನ ಬುಟ್ಟಿಯನ್ನು ಟವೆಲ್ಲಿನಲ್ಲಿ ಹಿಡಿದು ತನ್ನ ಹೆಗಲಿಗಿಟ್ಟುಕೊಂಡ. ಫೋಟೋ ಆದಮೇಲೆ ಬುಟ್ಟಿಯನ್ನು ನೆಲಕ್ಕೆ ಬಿಟ್ಟು ಟವೆಲು ಝಾಡಿಸಿದ.

ಶಾಲೆ ಸುರುವಾಗುವ ದಿನ ಬಾಗಿಲಿಗೆ ಮಾವಿನ ತೋರಣ, ಒಲೆಯ ಮೇಲೆ ಹುಗ್ಗಿ. ಗೇಟಿಗೆ ‘ಪಾಲಕರ ಸಹಭಾಗಿತ್ವ’ ಎಂಬ ದೊಡ್ಡ ಬ್ಯಾನರು, ಅದರಲ್ಲಿ ಬುಟ್ಟಿ ಹೊತ್ತು ನಗುತ್ತಿರುವ ಉಳವಪ್ಪ. ಬುಟ್ಟಿಯ ಅಂಚಿಗೆ ಒಂದು ಕೈ ಮಾತ್ರ ಕಾಣುತ್ತಿತ್ತು. ಹಸಿರು ಬಳೆ ನೋಡಿ ಕಳಕವ್ವ ಅದು ತನ್ನ ಕೈಯೆಂದು ಗುರುತು ಹಿಡಿದಳು.

ವ್ಯಾನಿಗೆ ಹೋಗುತ್ತಿದ್ದ ಮೇಲಿನ ಓಣಿಯ ಮಕ್ಕಳೆಲ್ಲ ಆ ದಿನ ಇಲ್ಲಿಗೇ ಬಂದಿದ್ದವು. ಸಾವಕಾರನ ಮೊಮ್ಮಕ್ಕಳಾದ ವೀರು, ಶಿವರಂಜನಿ ಎಲ್ಲರ ಮುಂದೆ. ಇಂಗ್ಲಿಷ್ ತರಗತಿ ಕೂಡುವ ಮಣ್ಣಿನ ಮಾಳಿಗೆಯ ಖೋಲಿಯ ಬಾಗಿಲಲ್ಲಿ ನಿಂತ ಹೇಮಪ್ಪ ಅವರ ಬೆನ್ನು ತಟ್ಟಿ ಒಳಗೆ ಬಿಡುತ್ತಿದ್ದ. ಮಂಜುಳಾ ಹೊಸಿಲಿಗೆ ಕಾಲಿಟ್ಟಾಗ ಅವನ ಕೈ ಅಡ್ಡ ಬಂತು.

“ನೀ ಆಕಡೆ ಖೋಲಿಗೆ ಹೋಗವ್ವ. ಕನ್ನಡದ್ದು ಅಲ್ಲಿ.”

ತಬಸ್ಸುಮಳನ್ನೂ ಅತ್ತಲೇ ಕಳಿಸಿದ. ಕೆಳಗಿನ ಓಣಿಯ ಮಕ್ಕಳೆಲ್ಲ ಸಳಿ ಕಾಣುವ ಸೂರಿನ ಕೆಳಗೆ ಹೋಗಿ ಕುಳಿತವು.

“ಸರ, ಮೊದಲ ಜಾಗಾ ಅಂದಿದ್ರಿ,” ಎಂದಳು ಕಳಕವ್ವ.

ಹೇಮಪ್ಪ ಅವಳ ಮುಖ ನೋಡದೆ ಜಾಗ ತುಂಬಿತೆಂದ, ಸಮಿತಿಯ ಸಭೆಯಲ್ಲಿ ತೀರ್ಮಾನವಾಗಿದೆ ಎಂದ.

“ನಾನೂ ಮೆಂಬರ್ ಅದೀನಲ್ರಿ. ನನಗ ಖಬರಿಲ್ಲ.”

“ಸಭಾ ಸಾವಕಾರ್ರ ಪಡಸಾಲ್ಯಾಗ ಆತು.” ಅವನ ದನಿ ತಗ್ಗಿತು. “ಕರದಿದ್ರೂ ನೀ ಒಳಗ ಬರಾಕ ಆಗ್ತಿದ್ದಿಲ್ಲ, ಕಳಕವ್ವ.”

ಹಿಂದೆ ನಿಂತಿದ್ದ ಉಳವಪ್ಪ ನಕ್ಕ. “ಇಂಗ್ಲಿಷ್ ಕಲ್ತು ಏನ್ ಮಾಡ್ತಾಳಬೇ ನಿನ್ನ ಮಗಳು? ನಿನ್ನ ಗಂಡನ ಹಲಗಿ ಇಂಗ್ಲಿಷ್‌ನ್ಯಾಗ ಬಡೀತಾಳೇನು? ಹುಗ್ಗಿ ಐತಿ, ಉಂಡು ಹೋಗ್ರಿ.”

ಕಳಕವ್ವ ಮಗಳ ಕೈ ಹಿಡಿದು ಹುಗ್ಗಿ ಉಣ್ಣದೆ ಮನೆಗೆ ಬಂದಳು.

ಆ ಸಂಜೆಯೇ ಮಿರ್ಗ ಹೊಡೆಯಿತು. ಮಣ್ಣಿಲ್ಲದ ಮಾಳಿಗೆ ಜಂತಿಯ ಸಂದಿಯಿಂದ ರಾಡಿ ಇಳಿಸಿತು. ಕೊಡ, ಪರಾತ, ರೊಟ್ಟಿಯ ಬುಟ್ಟಿಯ ಮುಚ್ಚಳ ಎಲ್ಲವನ್ನೂ ಇಟ್ಟರೂ ಸಾಲಲಿಲ್ಲ. ಮಂಜುಳಾ ಹೊಸ ಪಾಟೀಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಒಣ ಜಾಗ ಹುಡುಕುತ್ತಾ ಮೂಲೆಯಿಂದ ಮೂಲೆಗೆ ಸರಿದಳು. ಸರಿದಲ್ಲೆಲ್ಲ ಹನಿ ಅವಳನ್ನು ಹುಡುಕಿಕೊಂಡು ಬಂತು.

ಬೆಳಗಾದೊಡನೆ ಕಳಕವ್ವ ಮಗಳೊಂದಿಗೆ ಶಾಲೆಗೆ ಹೋಗಿ ತನ್ನ ಮಣ್ಣು ಕೇಳಿದಳು. ಹೇಮಪ್ಪ ಕನ್ನಡಕ ಒರೆಸಿಕೊಂಡ.

“ಹುಚ್ಚಿ ಏನಬೇ ನೀನು? ಶಾಲಿಗೆ ಕೊಟ್ಟ ಮಣ್ಣು ಯಾರರ ವಾಪಸ್ ಕೇಳ್ತಾರೇನು? ಅದು ದಾನ.”

“ದಾನ ನಾ ಮಾಡಿಲ್ರಿ. ನೀವು ಕೈಗಡ ತಗೊಂಡ್ರಿ.”

ಪ್ರಾರ್ಥನೆಯ ಗಂಟೆ ಹೊಡೆಯಿತು. ಅವನು ಮಕ್ಕಳ ಕಡೆ ನಡೆದ.

ಕಳಕವ್ವ ಮನೆಗೆ ಹೋಗಿ ಸಲಿಕೆ, ಬುಟ್ಟಿ ತಂದಳು. ಏಣಿ ಇನ್ನೂ ಗೋಡೆಗೇ ಒರಗಿತ್ತು. ನಿನ್ನೆಯ ಮಳೆಗೆ ಮಣ್ಣು ಕೂತು ನುಣ್ಣಗಾಗಿತ್ತು, ಒಂದು ಬಿರುಕೂ ಇರಲಿಲ್ಲ. ತಾನೇ ಬಡಿದು ಕೂರಿಸಿದ ಮಣ್ಣನ್ನು ಕ್ಷಣ ಹೊತ್ತು ನೋಡಿದಳು. ಬೆಳಕಿಂಡಿಯ ಒಳಗೆ ಹಣಿಕಿದರೆ ಕೆಳಗೆ ಬಣ್ಣದ ಚಾಪೆ, ಗೋಡೆಗೆ ಟಿವಿ, ಎಲ್ಲ ಒಣಒಣ. ಮೊದಲ ಸಾಲಿನ ವೀರು ತಲೆ ಎತ್ತಿ ಅವಳನ್ನು ಕಂಡು ನಕ್ಕ. ಅವಳು ನಗಲಿಲ್ಲ. ಬೆಳಕಿಂಡಿಯಿಂದ ದೂರ ಸರಿದು ಸಲಿಕೆ ಇಳಿಸಿದಳು.

ಮೊದಲ ಹೆಂಟೆ ಅಂಗಳಕ್ಕೆ ಬಿದ್ದ ಸಪ್ಪಳಕ್ಕೆ ಜನ ಕೂಡಿದರು. ಉಳವಪ್ಪ ಮೋಟರ್‌ಸೈಕಲ್ಲಿನಲ್ಲಿ ಬಂದ.

“ಇಳೀತಿಯೋ ಇಲ್ಲೋ, ರಂಡಿ? ಸರಕಾರಿ ಕಟ್ಟಡಕ್ಕ ಕೈ ಹಚ್ಚೀದಿ. ಒದ್ದು ಒಳಗ ಹಾಕಸ್ತೀನಿ.”

“ಕಟ್ಟಡ ಸರಕಾರದ್ದು. ಮಣ್ಣು ನಂದು. ನಾ ಹಾಕಿದ ಪದರ ಎಷ್ಟು ಅಂತ ನನಗ ಗೊತ್ತೈತಿ, ಕೆಳಗಿನ ಹಳೇದು ಮುಟ್ಟಂಗಿಲ್ಲ.”

ಹೇಮಪ್ಪ ಏಣಿಯ ಬುಡಕ್ಕೆ ಓಡಿ ಬಂದ. “ಕಳಕವ್ವ, ಮ್ಯಾಲ ಮೋಡ ಆಗೈತಿ. ಒಳಗ ಹುಡುಗೂರು ಅದಾವ.”

“ಆಕಡೆ ಖೋಲ್ಯಾಗೂ ಅದಾವ್ರಿ.”

ಕಳಕವ್ವ ಸಲಿಕೆ ಊರಿ ಸೆಟೆದು ನಿಂತಳು. “ಒಂದು ಮಾತು ಹೇಳ್ತೀನಿ. ನನ್ನ ಮಂಜುಳಾ, ತಬಸ್ಸುಮ, ನಮ್ಮ ಓಣಿ ಹುಡುಗೂರು ಎಲ್ಲಾ ಈ ಮಾಳಗಿ ಕೆಳಗ ಬಂದು ಕುಂಡ್ರಲಿ. ನನ್ನ ಮಣ್ಣು ಇಲ್ಲೇ ಇರ್ತೈತಿ, ನನ್ನ ಮನಿ ಸೋರಲಿ. ಆತು ಅನ್ರಿ ಸರ.”

ಹೇಮಪ್ಪ ಬಾಯಿ ತೆರೆದ. ಉಳವಪ್ಪನ ಕಡೆ ನೋಡಿದ. ಬಾಯಿ ಮುಚ್ಚಿದ.

ಆಚೆ ಖೋಲಿಯ ಬಾಗಿಲಿಗೆ ಮಂಜುಳಾ ಬಂದು ನಿಂತಿದ್ದಳು, ಪಾಟೀಚೀಲ ಹೊಟ್ಟೆಗೆ ಅವುಚಿಕೊಂಡು. ಗುಂಪಿನಿಂದ ಗುಲಾಬಬಿ ಹೊರಗೆ ಬಂದಳು. ಸೆರಗನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ಮಾಸ್ತರನನ್ನು ಭುಜದಿಂದ ಸರಿಸಿ ಏಣಿಯ ಬುಡಕ್ಕೆ ನಿಂತು ಎರಡೂ ಕೈ ಮೇಲಕ್ಕೆತ್ತಿದಳು.

ಕಪ್ಪತಗುಡ್ಡದ ಕಡೆಯಿಂದ ತಂಪು ಗಾಳಿ ಬೀಸಿತು. ಕಳಕವ್ವ ತುಂಬಿದ ಬುಟ್ಟಿಯನ್ನು ಅವಳ ಕೈಗೆ ಇಳಿಸಿದಳು. ಹಸಿ ಮಣ್ಣಿನ ನೀರು ಬುಟ್ಟಿಯ ಸಂದಿಯಿಂದ ಸೋರಿ ಪಕ್ಕದಲ್ಲೇ ನಿಂತ ಹೇಮಪ್ಪನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು. ಅವನು ಅಲ್ಲಿಂದ ಸರಿಯಲಿಲ್ಲ. ಮೇಲೆ ಮತ್ತೆ ಸಲಿಕೆಯ ಸಪ್ಪಳ ಸುರುವಾಯಿತು.