ಅರವತ್ತೊಂದನೆಯ ಪುಟ

"ಚೀಟಿ ತಾರವಾ ಚನ್ನಬಸವ್ವಾ. ಎಷ್ಟೊತ್ತು ಮುಷ್ಟ್ಯಾಗ ಹಿಡ್ಕೊಂಡು ಕುಂದ್ರತಿ? ಬೆವರಿಗೆ ಅಕ್ಷರ ಅಳಿಸಿ ಹೋದಾವು" ಎಂದು ಗೌರಕ್ಕ ಕೈ ಚಾಚಿದಳು.

ಚನ್ನಬಸವ್ವನ ಹತ್ತಿರ ಎರಡು ಚೀಟಿಗಳಿದ್ದವು. ನಡುವಿಗೆ ಸಿಗಿಸಿಕೊಂಡದ್ದು ತಾನೇ ಬರೆದದ್ದು: ಬಾಲವಿಧವೆಯಾಗಿ ಮುಂದೆ ಸೂಲಗಿತ್ತಿಯಾದ ಒಬ್ಬ ಹೆಂಗಸಿನ ಆತ್ಮಕಥನದ ಹೆಸರು. ಮುಷ್ಟಿಯಲ್ಲಿದ್ದದ್ದು ಗಂಡ ಗುರುಶಿದ್ದಪ್ಪ ಮಾಸ್ತರರು ಬೆಳಿಗ್ಗೆ ಬರೆದುಕೊಟ್ಟದ್ದು: ತಮ್ಮದೇ ಪುಸ್ತಕದ ಹೆಸರು. ಅವರು ಬೇಯಾಳಿಸ್, ಅಂದರೆ ನಲವತ್ತೆರಡರ, ಚಳವಳಿಯಲ್ಲಿ ಜೈಲು ಕಂಡವರು. ಅದರ ನೆನಪುಗಳ ಪುಸ್ತಕವನ್ನು ಹೋದ ವರ್ಷ ಅಚ್ಚು ಹಾಕಿಸಿದ್ದರು.

"ಆತ್ಮಕಥನ ಬರದಾಂವ ಮನ್ಯಾಗ ಕುಂತಾನ, ನೀ ಊರೆಲ್ಲಾ ಹುಡಕತಿ" ಎಂದು ನಕ್ಕಿದ್ದರು.

ಚನ್ನಬಸವ್ವ ಮುಷ್ಟಿ ಬಿಚ್ಚಿದಳು.

ಧಾರವಾಡದ ಆ ಮಹಿಳಾ ಮಂಡಳದಲ್ಲಿ ಹನ್ನೆರಡು ಜನ. ಒಂದು ತಿಂಗಳು ಐತಿಹಾಸಿಕ ಕಾದಂಬರಿ, ಮರು ತಿಂಗಳು ಆತ್ಮಕಥನ, ಓದಿ ಮುಗಿಸಲೇಬೇಕೆಂದು ಪಂಥ. ಪುಸ್ತಕ ಆರಿಸುವ ಪಾಳಿ ವರ್ಷಕ್ಕೊಮ್ಮೆ. ಇರುವ ಒಂದೇ ಪ್ರತಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಓದಿದವಳು ಮನಸ್ಸಿಗೆ ಹತ್ತಿದ ಪುಟದಲ್ಲಿ ಹೊಲಿಗೆ ವರ್ಗದ ಡಬ್ಬಿಯಿಂದ ತಂದ ತನ್ನ ಬಣ್ಣದ ದಾರ ಇಡಬೇಕು. ಆರಿಸಿದವಳಿಗೆ ಮಾತ್ರ ದಾರವಿಲ್ಲ; ಅವಳ ಮಾತು ಆರಿಸಿದಾಗಲೇ ಮುಗಿಯಿತು ಎಂಬುದು ಕಟ್ಟಳೆ.

ಆ ಪುಸ್ತಕದ ಪ್ರತಿಯೊಂದು ಸಾಲೂ ಚನ್ನಬಸವ್ವನಿಗೆ ಬಾಯಿಪಾಠವಿತ್ತು. ಮಾಸ್ತರರು ತೂಗುಮಂಚದ ಮೇಲೆ ಕುಳಿತು ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಟ್ಟವಳು ಅವಳೇ. ಒಂದು ಕಡೆ ಮಾತ್ರ ಅವರು ಹೇಳದೆ ಇದ್ದದ್ದನ್ನು ಸೇರಿಸಿದ್ದಳು: 'ಎರಡೂವರೆ ವರ್ಷದ ನಮ್ಮ ಗುಡ್ಡವ್ವ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು.' ಮಾಸ್ತರರು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿ, "ಇದು ನಾಡಿನ ಕಥಿ ಐತಿ. ಮನಿ ಗೋಳು ಯಾಕ ಇದರಾಗ?" ಎಂದಿದ್ದರು. ಬಹಳ ಹೊತ್ತಿನ ಮೇಲೆ ತಾವೇ ಒಂದು ಸಾಲು ಹೇಳಿದರು. ಅವಳು ಅದನ್ನೂ ದುಂಡಗೇ ಬರೆದಳು.

ತಿಂಗಳ ಕೊನೆಯ ಸಭೆಗೆ ಮಾಸ್ತರರೇ ಅತಿಥಿ. ಇಸ್ತ್ರಿ ಮಾಡಿದ ಖಾದಿ ಜುಬ್ಬಾ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತರು. ಹೆಂಗಸರು ಜಮಖಾನದ ಮೇಲೆ ಕುಳಿತರು. ಗೌರಕ್ಕ ಪುಸ್ತಕ ಎತ್ತಿಕೊಂಡು ತಿರುವಿ ನೋಡಿದಳು. ಬೇರೆ ತಿಂಗಳು ದಾರಗಳು ದಿಕ್ಕಿಗೊಂದು ಇಣುಕುತ್ತಿದ್ದವು. ಇಂದು ಹನ್ನೊಂದೂ ಒಂದೇ ಕಡೆಯಿಂದ ಜೋತುಬಿದ್ದಿದ್ದವು.

"ಎಲ್ಲಾರೂ ಮಾತಾಡ್ಕೊಂಡ ಇಟ್ಟೀರೇನ ಮತ್ತ?" ಎಂದಳು.

ಯಾರೂ ಮಾತಾಡಿಕೊಂಡಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

"ಯಾವ ಪುಟರೀ ಅದು?" ಮಾಸ್ತರರು ಮುಂದಕ್ಕೆ ಬಾಗಿದರು.

"ಅರವತ್ತೊಂದ್ರೀ."

ಅವರ ಮುಖ ಅರಳಿತು. "ಹಾಂ, ಗರಗದಾಗ ಮಾಡಿದ ಭಾಷಣ. ಹೆಣ್ಮಕ್ಕಳ ತಿಳವಳಿಕಿ ಬಗ್ಗೆ ನಾ ಏನೋ ತಿಳದಿದ್ದೆ, ತಪ್ಪಾತು ನೋಡ್ರಿ. ತರ್ರಿ ಇಲ್ಲೆ." ಪುಸ್ತಕ ಇಸಿದುಕೊಂಡು ಭಾಷಣವನ್ನು ಓದತೊಡಗಿದರು. ಹತ್ತೊಂಬತ್ತು ವರ್ಷದ ಹಿಂದಿನ ಧ್ವನಿ ಇನ್ನೂ ಹಾಗೇ ಇತ್ತು.

ಓದಿ ಮುಗಿದ ಮೇಲೆ ಹೊಲಿಗೆ ಕಲಿಸುವ ರಾಜಬಿ ಕೇಳಿದಳು. "ಮಾಸ್ತರ್ರ, ಅದರ ಮ್ಯಾಲಿನ ಸಾಲು ಬಿಟ್ರಿ. ಅದನ್ನೂ ಓದ್ರಿ."

ಅವರು ಕನ್ನಡಕ ಸರಿಪಡಿಸಿಕೊಂಡರು. "'ಇದೇ ವಾರ ಮನೆಯಲ್ಲಿ ಕೂಸೊಂದು ತೀರಿತು. ಮರುದಿನ ಬೆಳಿಗ್ಗೆ ಗರಗಕ್ಕೆ ಹೊರಟೆ.'"

"ಹೆಸರೇನಿತ್ರೀ ಕೂಸಿಂದು?"

ಮಾಸ್ತರರು ಬಾಯಿ ತೆರೆದರು. ಆಮೇಲೆ, ಮನೆಯಲ್ಲಿ ಕನ್ನಡಕ ಸಿಗದೆ ಇದ್ದಾಗ ನೋಡುವ ಹಾಗೆ, ಹೆಂಡತಿಯ ಕಡೆ ನೋಡಿದರು.

ಇಪ್ಪತ್ತೆಂಟು ವರ್ಷ ಆ ನೋಟಕ್ಕೆ ಚನ್ನಬಸವ್ವ ಎದ್ದು ಹುಡುಕಿಕೊಟ್ಟಿದ್ದಳು. ಈಗ ತಲೆಯೆತ್ತಲಿಲ್ಲ. ಹನ್ನೊಂದು ಮಂದಿಯ ಕಣ್ಣು ತನ್ನ ಮೇಲಿರುವುದು ಗೊತ್ತಾಗುತ್ತಿತ್ತು. ಹೇಳದೆ ಕೇಳದೆ ತನ್ನ ಅಡಿಗೆಮನೆಯವರೆಗೂ ಬಂದು ನಿಂತವರ ಮೇಲೆ ಬರುವಂಥ ಸಿಟ್ಟು ಆ ಹೆಂಗಸರ ಮೇಲೆ ಬಂತು. ಜಮಖಾನಕ್ಕೆ ಅಂಟಿದ ನೂಲಿನ ಎಳೆಗಳನ್ನು ಒಂದೊಂದಾಗಿ ಆರಿಸುತ್ತ ಕುಳಿತಳು.

"ಭಾಳ ವರ್ಷಾತು" ಎಂದರು ಮಾಸ್ತರರು. "ಸಣ್ಣ ಕೂಸು ಅದು."

ಗೌರಕ್ಕ ಎದ್ದು ಚಹಾ ತರಲು ಹೋದಳು.

ಸಂಜೆ ಲೈನ್ ಬಜಾರಿನ ಗದ್ದಲದಲ್ಲಿ ಇಬ್ಬರೂ ಮನೆಗೆ ಹೊರಟರು. ದಾರ ತೆಗೆಯಬೇಡಿರೆಂದು ಹೇಳಿ ಮಾಸ್ತರರು ಪುಸ್ತಕವನ್ನು ಹಾಗೇ ಇಸಿದುಕೊಂಡಿದ್ದರು; ನಾಳೆ ಗೆಳೆಯರಿಗೆ ತೋರಿಸಬೇಕಿತ್ತು. "ಹನ್ನೊಂದಕ್ಕ ಹನ್ನೊಂದೂ ಭಾಷಣಕ್ಕ ಬಿದ್ದಾವ ನೋಡು" ಎಂದು ಹಿಂತಿರುಗಿ ನೋಡದೆ ಹೇಳಿದರು. "ಆ ರಾಜಬಿದು ಒಂದೀಟು ಬಾಯಿ ಜಾಸ್ತಿ."

ಅವರ ಕಂಕುಳ ಹಿಂದೆ ಪುಸ್ತಕದಿಂದ ಜೋತುಬಿದ್ದ ದಾರಗಳು, ಆಗಷ್ಟೇ ಹೆಣೆಯಲು ಬಂದ ಕೂಸಿನ ಮೋಟು ಜಡೆಯ ಹಾಗೆ, ಹೆಜ್ಜೆಗೊಮ್ಮೆ ಆಚೆಗೂ ಈಚೆಗೂ ಜೋಲುತ್ತಿದ್ದವು. ಮನೆಯ ತನಕ ಚನ್ನಬಸವ್ವ ಅದರ ಹಿಂದೆಯೇ ನಡೆದಳು.