ಪಂಪಿನ ಮುಂದಿನ ಟಿಕ್ಕು

ಅಪ್ಪನ ಸಮವಸ್ತ್ರದ ಅಂಗಿಯನ್ನು ಎರಡೂ ಪಕ್ಕ ಒಂದೊಂದು ಇಂಚು ಒಳಗೆ ಹಿಡಿದು ಮಗಳು ಮಷಿನ್ನಿನ ಗಾಲಿ ತಿರುಗಿಸಿದಳು. ಒಂದು ವರ್ಷದ ಹೃದಯದ ಕಾಯಿಲೆ ಅಪ್ಪನನ್ನು ಅರ್ಧ ಮಾಡಿತ್ತು. ಹದಿನೈದು ವರ್ಷದಿಂದ ಬಂದರಿನ ಬೀದಿಗೆಲ್ಲ ಬಟ್ಟೆ ಹೊಲಿದವಳು ಸ್ವಂತ ಅಪ್ಪನನ್ನು ದೊಗಳೆ ಅಂಗಿಯಲ್ಲಿ ಕಳಿಸುವುದುಂಟೇ? ಶ್ಮಶಾನಕ್ಕೆ ಒಯ್ಯುವ ವ್ಯಾನು ಮೂರು ಗಂಟೆಗೆ ಬರುವುದಿತ್ತು. ಈಗ ಒಂದೂವರೆ.

ಮುಂದಿನ ಕೋಣೆಯಲ್ಲಿ ದೋಣಿಯವರು ಕಾಲು ಮಡಚಿ ಕೂತಿದ್ದರು. ಹವ್ಯಾಸಕ್ಕೆ ಮೀನು ಹಿಡಿಯುವವರನ್ನು ಬಾಡಿಗೆಗೆ ಕಡಲಿಗೆ ಕರೆದೊಯ್ಯುವ ಸಣ್ಣ ದೋಣಿಗಳ ಮಾಲೀಕರು ಅವರು. ಆ ದೋಣಿಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವುದು ಅಪ್ಪನ ಕೆಲಸವಾಗಿತ್ತು. ಕೈಯಲ್ಲೊಂದು ಪುಟ್ಟ ಸುತ್ತಿಗೆ ಹಿಡಿದು ಹಲಗೆ ಹಲಗೆಗೂ ಬಡಿದು, ಕಿವಿಯಿಟ್ಟು ಕೇಳುತ್ತಿದ್ದರು. ಹಾಗಾಗಿ ಬಂದರಿಗೆಲ್ಲ ಅವರು ಸುತ್ತಿಗೆ ಸಾಹೇಬರು.

"ಬಡಿದು ಬಡಿದು ನನ್ನ ದೋಣಿಗೆ ತೂತೇ ಮಾಡಿಬಿಟ್ರು ಕಣಯ್ಯ ಒಂದ್ಸಲ," ಒಬ್ಬ ಹೇಳಿದ.

"ತೂತು ಮೊದಲೇ ಇತ್ತು. ನೀನು ಬಣ್ಣ ಬಳಿದು ಮುಚ್ಚಿದ್ದೆ. ಅವರು ತೋರಿಸಿಕೊಟ್ರು ಅಷ್ಟೆ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಕೊನೆಕೊನೆಗೆ ಇವರಿಗೆ ಏನೇನೋ ಆಗಿತ್ತು ಕಣ್ರಪ್ಪ. ಒಂದಿನ ಫೋನನ್ನ ಕಿವಿಗೆ ಇಟ್ಕೊಂಡು ಕಾಲು ಗಂಟೆ ಕೂತಿದ್ರು. ಒಂದು ಮಾತಿಲ್ಲ ಕತೆಯಿಲ್ಲ. ಯಾರ್ರೀ ಅಂದ್ರೆ, ಸುಮ್ಮನಿರು ಅಂತ ಕೈ ತೋರ್ಸಿದ್ರು."

ಅಷ್ಟರಲ್ಲಿ ಎಂಜಿನ್ ಮೆಕ್ಯಾನಿಕ್ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಅಪ್ಪನಿಗೆ ಮೂವತ್ತು ವರ್ಷದ ಗೆಳೆಯ. ಮುಂದಿನ ಕೋಣೆ ದಾಟಿ ಸೀದಾ ಮಷಿನ್ನಿನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಮಗೂ, ನಮ್ಮ ಬಿಳಿಮೀಸೆ ಇದಾನಲ್ಲ, ಅವನ ದೋಣಿಗೆ ತೇಲ್ತಿದ್ದ ಮರದ ದಿಮ್ಮಿ ಹೊಡೆದಿದೆಯಂತೆ. ಒಳಗೆ ನೀರು ಬರ್ತಿದೆ ಅಂತ ವೈರ್‌ಲೆಸ್‌ನಲ್ಲಿ ಹೇಳಿದ. ಆರು ಜನ ಗಿರಾಕಿಗಳಿದ್ದಾರೆ. ಕಾವಲು ದೋಣಿ ಹೊರಟಿದೆ, ಆದ್ರೆ ಅದು ಮುಟ್ಟೋಕೆ ಒಂದು ಗಂಟೆ ಬೇಕು."

ಸೂಜಿ ಅಂಗಿಯೊಳಗೇ ನಿಂತಿತು.

"ಅಲ್ಲೀವರೆಗೆ?"

"ಅಲ್ಲೀವರೆಗೆ ನೀರೆತ್ತೋ ಪಂಪ್ ಓಡ್ತಿದ್ರೆ ಸಾಕು. ಅದಿದ್ರೆ ಏನೂ ಭಯ ಇಲ್ಲ. ಅಪ್ಪನೇ ನೋಡಿ ಸಹಿ ಹಾಕಿದ ದೋಣಿ ಅಲ್ವಾ?"

ಆ ಪಂಪನ್ನು ಅಪ್ಪ ನೋಡಿರಲಿಲ್ಲ. ಮಗಳೂ ನೋಡಿರಲಿಲ್ಲ.

*

ಮೂರು ವಾರದ ಹಿಂದೆ ಬಿಳಿಮೀಸೆ ಮನೆಗೆ ಬಂದು ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಅವನ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಅಪ್ಪ ರಜೆಯಲ್ಲಿದ್ದರು, ಹೊಸ ತಪಾಸಕರು ಬರುವಷ್ಟರಲ್ಲಿ ಸೀಸನ್ನೇ ಕಳೆಯುತ್ತಿತ್ತು. "ನನ್ನಿಂದ ಏಣಿ ಇಳಿಯೋಕಾಗಲ್ಲಯ್ಯ. ನಾನು ಇಳಿಯದೆ ಸಹಿ ಹಾಕಲ್ಲ," ಎಂದಿದ್ದರು ಅಪ್ಪ.

ನಡುವೆ ಬಾಯಿ ಹಾಕಿದವಳು ಮಗಳೇ. "ನಾನು ಇಳೀತೀನಪ್ಪ. ನೀವು ಮೇಲೆ ಕೂತು ಹೇಳ್ತಾ ಹೋಗಿ, ನಾನು ನೋಡ್ತೀನಿ. ಅವರ ಹೊಟ್ಟೆಪಾಡು ಅಲ್ವಾ?"

ಮೂವತ್ತು ವರ್ಷ ಯಾರ ಮಾತಿಗೂ ಬಗ್ಗದ ಮನುಷ್ಯ ಮಗಳ ಮಾತಿಗೆ ಬಗ್ಗಿದರು.

ಬಂದರಿನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅಪ್ಪ ಕೂತರು. ಅವಳು ತಪಾಸಣೆಯ ಪಟ್ಟಿ ಹಿಡಿದು ದೋಣಿಗೆ ಇಳಿದಳು. ಸುತ್ತಿಗೆಯಲ್ಲಿ ಬಡಿದಳು, ಮೇಲಿನಿಂದ ಅಪ್ಪ ಕಿವಿಗೊಟ್ಟು "ಮುಂದೆ, ಮುಂದೆ" ಅಂದರು. ಆಮೇಲೆ ಲೈಫ್ ಜಾಕೆಟ್‌ಗಳು. ಅವುಗಳ ವಿಷಯದಲ್ಲಿ ಅವಳಿಗೆ ಹಳೆಯ ಅಭಿಮಾನವಿತ್ತು. ಒಂದು ಕಾಲದಲ್ಲಿ ಈ ದೋಣಿಯವರೆಲ್ಲ ಸೇರಿ ಒಟ್ಟು ಹತ್ತೇ ಜಾಕೆಟ್ ಇಟ್ಟುಕೊಂಡಿದ್ದರು. ಸಾಹೇಬರು ಒಂದು ದೋಣಿಯಿಂದ ಇಳಿಯುವಷ್ಟರಲ್ಲಿ ಜಾಕೆಟ್‌ಗಳು ಹಿಂಬದಿಯಿಂದ ಮುಂದಿನ ದೋಣಿ ಹತ್ತುತ್ತಿದ್ದವು. ಆಗಿನ್ನೂ ಹೊಲಿಗೆ ಕಲಿಯುತ್ತಿದ್ದ ಮಗಳು ಅಪ್ಪನಿಗೆ ಕೆಂಪು ದಾರ ಕೊಟ್ಟು, ಮೊದಲ ದೋಣಿಯ ಜಾಕೆಟ್ಟಿನ ಬೆಲ್ಟಿನ ಒಳಮೈಗೆ ಒಂದು ಗಂಟು ಹಾಕಿ ಬನ್ನಿ ಅಂದಿದ್ದಳು. ಅದೇ ಗಂಟು ಐದು ದೋಣಿಗಳಲ್ಲಿ ಸಿಕ್ಕಿತು. ಐದೂ ದೋಣಿಗಳು ಎರಡು ವಾರ ಕಟ್ಟೆ ಬಿಟ್ಟು ಕದಲಲಿಲ್ಲ.

ಬಿಳಿಮೀಸೆಯ ಜಾಕೆಟ್‌ಗಳನ್ನು ಅವಳು ಹೊಲಿಗೆ ಹೊಲಿಗೆ ಎಳೆದು ನೋಡಿದಳು. ಒಂದರ ಅಂಚು ಬಿಟ್ಟಿದ್ದನ್ನು ಅಲ್ಲೇ ಕೂತು ಹೊಲಿದೂ ಕೊಟ್ಟಳು. ಪಟ್ಟಿಯ ಕೊನೆಯ ಸಾಲು ನೀರೆತ್ತುವ ಪಂಪು. ಅದು ದೋಣಿಯ ತಳದಲ್ಲಿ, ಮುಚ್ಚಳದ ಕೆಳಗಿತ್ತು. ಮುಚ್ಚಳ ಎತ್ತಿದರೆ ಕೊಳೆತ ಮೀನು, ಹಳೆಯ ಡೀಸೆಲ್ಲು, ಕಪ್ಪು ನೀರು. ಮಧ್ಯಾಹ್ನ ಗಿರಾಕಿಯೊಬ್ಬರ ಮದುವೆ ರವಿಕೆ ಕೊಡಬೇಕಿತ್ತು, ಬಿಳಿ ರೇಷ್ಮೆ. ಮೂಗು ಮುಚ್ಚಿಕೊಂಡು ಮುಚ್ಚಳ ಮುಚ್ಚಿದಳು. ಪಂಪಿನ ಮುಂದೆ ಒಂದು ಟಿಕ್ ಹಾಕಿದಳು.

"ಪಂಪ್?" ಅಪ್ಪ ಮೇಲಿನಿಂದ ಕೇಳಿದರು.

"ನೋಡ್ದೆ ಅಪ್ಪ. ಸರಿ ಇದೆ."

ಏಣಿ ಹತ್ತಿ ಬಂದವಳ ಕೈಯಿಂದ ಪಟ್ಟಿ ತೆಗೆದುಕೊಂಡ ಅಪ್ಪ ಕಾಗದಕ್ಕಿಂತ ಹೆಚ್ಚು ಹೊತ್ತು ಅವಳ ಕೈಗಳನ್ನೇ ನೋಡಿದ್ದರು. ಆಮೇಲೆ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, "ಸಹಿ ಮನೇಲಿ ಹಾಕ್ತೀನಿ" ಅಂದರು. ಮೂರನೇ ದಿನ ಸರ್ಟಿಫಿಕೇಟ್ ಬಿಳಿಮೀಸೆಯ ಕೈ ಸೇರಿತು ಎಂದು ಅವಳಿಗೆ ಗೊತ್ತಾಯಿತು. ಅಲ್ಲಿಗೆ ಅವಳು ಅದನ್ನು ಮರೆತಿದ್ದಳು.

*

ಬಿಳಿಮೀಸೆಯ ಹೆಂಡತಿ ಅಡುಗೆಮನೆಯಲ್ಲಿ ಬಂದವರಿಗೆ ಚಹಾ ಸೋಸುತ್ತಿದ್ದಳು. ಸುದ್ದಿ ತಿಳಿದ ಮೇಲೂ ಸೋಸುತ್ತಲೇ ಇದ್ದಳು, ಲೋಟ ತುಂಬಿ ಹೊರಗೆ ಚೆಲ್ಲುವವರೆಗೂ.

"ನಮ್ಮೋರು ಬೆಳಗ್ಗೆ ಬಂದು ಸಾಹೇಬ್ರ ಮುಖ ನೋಡಿ ಹೋದ್ರು," ಮಗಳಿಗೆ ಅಂದಳು. "ಗಿರಾಕಿಗಳು ಮೊದಲೇ ಗೊತ್ತು ಮಾಡಿದ್ರು, ಬಿಡೋಕಾಗಲ್ಲ, ಮೂರರ ಒಳಗೆ ಬಂದು ಹೆಗಲು ಕೊಡ್ತೀನಿ ಅಂದ್ರು. ಏನೂ ಆಗಲ್ಲ ಅಲ್ವಾ ತಂಗಿ? ಸಾಹೇಬ್ರು ಅಷ್ಟು ಸುಲಭಕ್ಕೆ ಸಹಿ ಹಾಕೋರಲ್ಲ."

ಮಗಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಮ್ಮನನ್ನು ಹಿತ್ತಲಿಗೆ ಕರೆದೊಯ್ದಳು.

"ಅಮ್ಮ, ನಾನು ಆ ಪಂಪ್ ನೋಡೇ ಇಲ್ಲ. ನೋಡ್ದೆ ಅಂತ ಸುಳ್ಳು ಹೇಳ್ದೆ. ಅಪ್ಪ ನನ್ನ ನಂಬಿ ಸಹಿ ಹಾಕಿದ್ರು."

ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದಳು, "ಏಳು ಜನಾನಾ?"

"ಏಳು ಜನ."

ಮೂರಕ್ಕೆ ವ್ಯಾನು ಬಂತು. ಅಂಗಿ ಅಪ್ಪನಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ದೋಣಿಯವರು ಹೆಗಲು ಕೊಟ್ಟು ವ್ಯಾನಿಗೆ ಸೇರಿಸಿದರು. ನಾಲ್ಕನೆಯ ಹೆಗಲು ಬಿಳಿಮೀಸೆಯದಾಗಬೇಕಿತ್ತು. ಅಲ್ಲಿ ಮೆಕ್ಯಾನಿಕ್ ನಿಂತ.

"ಬಂದರಿನ ದಾರೀಲಿ ಹೋಗೋಣ," ಮಗಳು ಡ್ರೈವರಿಗೆ ಹೇಳಿದಳು.

ಕಟ್ಟೆಯ ಬಳಿ ವ್ಯಾನು ನಿಂತಾಗ ಗಾಳಿ ಜೋರಾಗಿತ್ತು. ಮೆಕ್ಯಾನಿಕ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ನೋಡಿದ, ಮತ್ತೂ ನೋಡಿದ. "ಅದೋ," ಅಂದ. "ಅದೋ, ಬಂದ ನನ್ನ ಮಗ!"

ಕಾವಲು ದೋಣಿಯ ಹಿಂದೆ, ಆದರೆ ಹಗ್ಗವಿಲ್ಲದೆ ತನ್ನದೇ ಎಂಜಿನ್ನಿನಲ್ಲಿ, ಬಿಳಿಮೀಸೆಯ ದೋಣಿ ಬರುತ್ತಿತ್ತು. ಅದರ ಪಕ್ಕದ ಪೈಪಿನಿಂದ ತೋಳು ದಪ್ಪದ ನೀರು ಕಡಲಿಗೆ ಬೀಳುತ್ತಿತ್ತು. ಬಿಳಿಮೀಸೆಯ ಹೆಂಡತಿ ಕಟ್ಟೆಯ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ಮಗಳು ವ್ಯಾನಿನ ಬಾಗಿಲು ಹಿಡಿದುಕೊಂಡಳು.

ಆರು ಗಿರಾಕಿಗಳು ಜಾಕೆಟ್ ತೊಟ್ಟೇ ಏಣಿ ಹತ್ತಿ ಬಂದರು. ಅವರಲ್ಲೊಬ್ಬ ಹಿಡಿದ ಮೀನನ್ನು ಇನ್ನೂ ಬಿಟ್ಟಿರಲಿಲ್ಲ. ಕೊನೆಗೆ ಬಿಳಿಮೀಸೆ ಬಂದ. ತಲೆಯಿಂದ ಕಾಲಿನವರೆಗೆ ಒದ್ದೆ. ಹೆಂಡತಿಯ ತಲೆ ಸವರಿ, ನೇರ ಮಗಳ ಹತ್ತಿರ ಬಂದ.

"ಹೆಗಲು ಕೊಡೋಕೆ ತಡವಾಯ್ತು ತಂಗಿ."

"ಅಣ್ಣ, ಆ ಪಂಪು," ಮಗಳು ಶುರು ಮಾಡಿದಳು. "ನಾನು ಅವತ್ತು..."

"ನೋಡಿರಲಿಲ್ಲ. ಗೊತ್ತು. ಸಾಹೇಬ್ರಿಗೆ ಅವತ್ತೇ ಗೊತ್ತಿತ್ತು." ಬಿಳಿಮೀಸೆ ಮೀಸೆಯ ನೀರು ಹಿಂಡಿದ. "ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದ್ರು. ಮಗಳು ಚೊಕ್ಕ ಕೈಯಲ್ಲಿ ಮೇಲೆ ಬಂದಳು ಕಣಯ್ಯ, ಪಂಪ್ ನೋಡಿದೋರ ಕೈ ಹಾಗಿರಲ್ಲ. ನಾಳೆ ಬೆಳಗ್ಗೆ ತಳಕ್ಕೆ ನಲವತ್ತು ಬಕೆಟ್ ನೀರು ಸುರಿದು ಪಂಪ್ ಹಾಕು, ಫೋನನ್ನ ಅದರ ಪಕ್ಕ ಹಿಡಿ ಅಂದ್ರು. ಹಿಡಿದೆ. ಕೇಳಿದ್ರು, ಕೇಳಿದ್ರು, ಗಾಳಿ ಎಳೀತಿದೆ, ಪೈಪು ಎಲ್ಲೋ ಸೀಳಿದೆ ಅಂದ್ರು. ಬಿಚ್ಚಿ ನೋಡಿದ್ರೆ ಗೇಣುದ್ದ ಸೀಳು! ಹೊಸ ಪೈಪ್ ಹಾಕಿ ಮಾರನೇ ದಿನ ಮತ್ತೆ ಕೇಳಿಸ್ದೆ. ಕಾಲು ಗಂಟೆ. ಆಮೇಲೇ ಸಹಿ."

"ಅಯ್ಯೋ," ಅಮ್ಮ ಬಾಯಿಗೆ ಕೈ ಹಚ್ಚಿದಳು. "ಅದಾ ಫೋನು!"

"ನನಗೆ ಯಾಕೆ ಹೇಳ್ಲಿಲ್ಲ?" ಮಗಳು ಕೇಳಿದಳು.

"ನಾನೂ ಕೇಳ್ದೆ. ಅವಳೇ ಬಂದು ಹೇಳ್ತಾಳೆ, ಕಾಯ್ತೀನಿ ಅಂದ್ರು."

ಮಗಳು ಚಪ್ಪಲಿ ಬಿಟ್ಟು ಏಣಿ ಇಳಿದಳು. ಮೆಕ್ಯಾನಿಕ್ "ಮಗೂ, ಬಟ್ಟೆ..." ಅನ್ನುವಷ್ಟರಲ್ಲಿ ದೋಣಿಯ ತಳದ ಮುಚ್ಚಳ ಎತ್ತಿಯಾಗಿತ್ತು. ಕಪ್ಪು ನೀರಿನೊಳಗೆ ಮೊಣಕೈವರೆಗೆ ಕೈಯಿಳಿಸಿ ಪಂಪನ್ನು ಹುಡುಕಿದಳು. ಸಿಕ್ಕಿತು. ಬಿಸಿಯಾಗಿತ್ತು, ಗುರ್ರೆಂದು ನಡುಗುತ್ತಿತ್ತು. ಹೊಸ ಪೈಪನ್ನು ಕೊನೆಯವರೆಗೆ ಸವರಿ ನೋಡಿದಳು.

ಮೇಲೆ ಬಂದಾಗ ದೋಣಿಯವರು ದಾರಿ ಬಿಟ್ಟರು. ಅಮ್ಮ ಕೈ ಒರೆಸಲು ಸೆರಗು ಚಾಚಿದಳು.

"ಬೇಡಮ್ಮ," ಅಂದಳು ಮಗಳು.

ವ್ಯಾನಿನೊಳಗೆ ಹತ್ತಿ, ಒಗೆದು ಇಸ್ತ್ರಿ ಮಾಡಿದ ಅಂಗಿಗೆ ತಾಗದಂತೆ ಬಾಗಿ, ಡೀಸೆಲ್ಲು ಮಸಿ ತೊಟ್ಟಿಕ್ಕುವ ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಅಪ್ಪನ ಮುಖದೆದುರು ಹಿಡಿದಳು.